ಭೀಷ್ಮನನ್ನು ನಿಧಾನಕ್ಕೆ ಸಾಯಿಸುವುದು

"ಇವತ್ತಾದ್ರೂ ನನ್ನ ನಿಧಾನಕ್ಕೆ ಸಾಯ್ಸಮ್ಮ ತಾಯಿ," ಎಂದರು ಅಮರೇಶಪ್ಪ. ಅರ್ಧ ಗಡ್ಡ ಅಂಟಿಸಿಕೊಂಡು, ಉಳಿದರ್ಧವನ್ನು ಕೈಯಲ್ಲಿ ಹಿಡಿದುಕೊಂಡೇ ಲೈಟ್ ಬೋರ್ಡಿನ ಹತ್ತಿರ ಬಂದುಬಿಟ್ಟಿದ್ದರು.

ಮಲ್ಲೇಶ್ವರಿಗೆ ನಗು ಬಂತು, ನುಂಗಿಕೊಂಡಳು. ಕಲ್ಯಾಣದುರ್ಗದ ಆ ಮದುವೆ ಹಾಲಿನಲ್ಲಿ ಮಧ್ಯಾಹ್ನದ ನಾಟಕ. ಕಿಟಕಿಗಳಿಗೆಲ್ಲ ಟಾರ್ಪಾಲು ಕಟ್ಟಿ ಹಗಲನ್ನು ಹೊರಗೆ ನಿಲ್ಲಿಸಿಯಾಗಿತ್ತು. ನಾಟಕಗಳಿಗೆ ಬಾಡಿಗೆ ಕೊಡುವ ಲೈಟುಗಳನ್ನು ಹೇರಿಕೊಂಡು ಗಂಡ ಮುರಳಿಯ ಜೊತೆ ಬೆಳಿಗ್ಗೆಯೇ ಹಿಂದೂಪುರದಿಂದ ಬಂದಿಳಿದಿದ್ದಳು. ಅಮರೇಶಪ್ಪನವರದು ಕಡಲೆಕಾಯಿ ವ್ಯಾಪಾರ. ಆದರೆ ಸುತ್ತಮುತ್ತ ಎಲ್ಲಿ ಕುರುಕ್ಷೇತ್ರ ಆಡಿದರೂ ಭೀಷ್ಮ ಎಂದರೆ ಅವರೇ. ವ್ಯಾಪಾರದ ಮಂಡಿಯಲ್ಲಿ ಅವರ ಗಂಟಲು ದೊಡ್ಡದು, ರಂಗದ ಮೇಲೆ ಇನ್ನೂ ದೊಡ್ಡದು.

ಅಂಥವರ ಮರ್ಯಾದೆಯನ್ನು ಹೋದ ತಿಂಗಳು ಸೋಮಂದೇಪಲ್ಲಿಯಲ್ಲಿ ಇದೇ ಲೈಟುಗಳು ತೆಗೆದಿದ್ದವು. ಬಾಣದ ಹಾಸಿಗೆಯ ಮೇಲೆ ಅವರು ಕೊನೆಯ ಪದ್ಯ ಹಾಡುತ್ತಿರುವಾಗ ಸಂಜೆಯ ಹೊಂಬಣ್ಣ ಮೆಲ್ಲಗೆ ಕರಗಬೇಕಿತ್ತು. ಅದು ಕರಗಲಿಲ್ಲ, ಕುಂಟನಂತೆ ಮೆಟ್ಟಿಲಿಳಿಯಿತು. ನಡುವೆ ಭೀಷ್ಮ ಇದ್ದಕ್ಕಿದ್ದಂತೆ ಮೆಣಸಿನಕಾಯಿ ಹಾಗೆ ಕೆಂಪಗಾದರು. ಪದ್ಯ ಇನ್ನೂ ಬಾಕಿ ಇರುವಾಗಲೇ ಟಪ್ಪೆಂದು ಎಲ್ಲ ಆರಿಹೋಯಿತು, ಕತ್ತಲಲ್ಲಿ ಹಾಡು ಮಾತ್ರ ಮುಂದುವರಿಯಿತು. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಮರೇಶಪ್ಪನವರ ಹೆಂಡತಿ ಎರ್ರಮ್ಮ.

"ಮನೇಲಿ ಕರೆಂಟು ಹೋದಾಗೆಲ್ಲ 'ಅಗೋ, ಭೀಷ್ಮ ಹೋದ' ಅಂತಾಳೆ ಕಣಮ್ಮ," ಎಂದರು ಅಮರೇಶಪ್ಪ ಗಡ್ಡ ಒತ್ತಿಕೊಳ್ಳುತ್ತ. "ಇವತ್ತೂ ಜನ ನಕ್ಕುಬುಟ್ರು ಅಂದ್ರೆ, ಬೇಜಾರ್ ಮಾಡ್ಕೋಬ್ಯಾಡ, ಮುಂದಿನ ನಾಟ್ಕಕ್ಕೆ ಹಳೇ ಬಲ್ಬಿನೋರನ್ನೇ ಕರೆಸ್ತೀನಿ."

"ಇವತ್ತು ಹಂಗಾಗಲ್ಲ ಬುಡಿ ಯಜಮಾನ್ರೆ," ಎಂದಳು ಮಲ್ಲೇಶ್ವರಿ. ಹೇಳುತ್ತಲೇ ಬೋರ್ಡಿನ ವೈರುಗಳನ್ನು ಇನ್ನೊಮ್ಮೆ ಒತ್ತಿ ನೋಡಿದಳು.

ಅಮರೇಶಪ್ಪ ಕೈಬಿಟ್ಟರೆ ಸುತ್ತಲಿನ ನಾಟಕದವರೆಲ್ಲ ಕೈಬಿಟ್ಟಂತೆಯೇ. ಹಳೆಯ ಹ್ಯಾಲೊಜನ್ ದೀಪಗಳನ್ನು ಮಾರಿ ಈ ಎಲ್‌ಇಡಿಗಳನ್ನು ತರಿಸಲೇಬೇಕೆಂದು ಮುರಳಿಯ ಜೊತೆ ಮಾತುಬಿಟ್ಟು ಗೆದ್ದವಳು ಅವಳೇ. ಹಳೆಯವು ಉರಿಯುವಾಗ ಒಲೆಯಂತೆ ಕಾಯುತ್ತಿದ್ದವು ನಿಜ, ಆದರೆ ಆರುವಾಗ ಯಾರೂ ಹೇಳಿಕೊಡದೆಯೇ ಕೆಂಡದ ಹಾಗೆ ಮೆಲ್ಲಗೆ ಆರುತ್ತಿದ್ದವು. ಹೊಸವಕ್ಕೆ ಆ ನಯವಿರಲಿಲ್ಲ. ಇದೆಲ್ಲಕ್ಕಿಂತ ಹೆಚ್ಚಾಗಿ, ಸೋಮಂದೇಪಲ್ಲಿಯಲ್ಲಿ ಮತ್ತೆ ದೀಪ ಹಾಕಿದಾಗ ಕಂಡ ಅಮರೇಶಪ್ಪನವರ ಮುಖ ಅವಳನ್ನು ಬಿಟ್ಟಿರಲಿಲ್ಲ. ದೊಡ್ಡ ಮನುಷ್ಯ, ಎಳೆ ಮಗುವಿನ ಹಾಗೆ ಪೆಚ್ಚಾಗಿ ಕೂತಿದ್ದರು.

ಆಮೇಲಿನ ಮಧ್ಯಾಹ್ನಗಳೆಲ್ಲ ಹಿಂದೂಪುರದ ಗೋಡೌನಿನಲ್ಲಿ ಬಾಗಿಲು ಹಾಕಿಕೊಂಡೇ ಕಳೆದವು. ಮುರಳಿಯನ್ನು ಬೆಂಚಿನ ಮೇಲೆ ಭೀಷ್ಮನಂತೆ ಮಲಗಿಸಿ ಬೆಳಕು ಇಳಿಸಿ ನೋಡುತ್ತಿದ್ದಳು. ತಪ್ಪು ಎಲ್ಲಿದೆಯೆಂದು ಹಾಗೆಯೇ ಗೊತ್ತಾಯಿತು. ಈ ಲೈಟುಗಳು ಬಣ್ಣ ಬೆರೆಸಿ ಮಾಡುವ ಹೊಂಬಣ್ಣದಲ್ಲಿ ಕೆಂಪು ಜಾಸ್ತಿ, ಹಸಿರು ಕಮ್ಮಿ. ಬಣ್ಣಗಳನ್ನೇ ಹಿಡಿದು ಇಳಿಸಿದರೆ ಹಸಿರು ಮೊದಲೇ ಮುಗಿದು ಬರೀ ಕೆಂಪು ಉಳಿಯುತ್ತಿತ್ತು. ಬಣ್ಣವನ್ನು ಮುಟ್ಟದೆ, ಬೋರ್ಡಿನ ಮೇಲೆ ಒಟ್ಟು ಬೆಳಕಿನದೊಂದೇ ಸರಿಸುವ ಗುಬುಟನ್ನು ಇಳಿಸಿದಳು. ಹೊಂಬಣ್ಣ ಹೊಂಬಣ್ಣವಾಗಿಯೇ ಇಳಿಯಿತು. ಆ ಬೆಳಕಿಗೆ ಒಂದರ ಬದಲು ಎರಡು ಚಾನೆಲ್, ದೊಡ್ಡ ಹೆಜ್ಜೆಗೊಂದು ಸಣ್ಣ ಹೆಜ್ಜೆಗೊಂದು, ಕೊಟ್ಟಾಗ ದಪ್ಪ ಮೆಟ್ಟಿಲುಗಳು ಸಣ್ಣಗಾದವು. ಕೊನೆಗೆ ಲೈಟಿನ ಬೆನ್ನಿನ ಪುಟ್ಟ ಪರದೆಯಲ್ಲಿ ಇನ್ನೊಂದು ಉಪಾಯವೂ ಸಿಕ್ಕಿತು: ಕೈ ಹೇಳಿದ ಕೂಡಲೇ ಬೆಳಕು ಹಾರಬಾರದು, ಅರೆಕ್ಷಣ ತಡೆದು ಹಿಂಬಾಲಿಸಬೇಕು.

"ರೀ, ಯಾವಾಗ ಆರ್ತು ಗೊತ್ತಾಯ್ತಾ?" ಎಂದು ಕೇಳಿದ್ದಳು ಖುಷಿಯಿಂದ.

"ಒಸಿನೂ ಗೊತ್ತಾಗ್ಲಿಲ್ಲ ಕಣೇ," ಎಂದಿದ್ದ ಮುರಳಿ. ಅವನು ಗೊರಕೆ ಹೊಡೆಯುತ್ತಿದ್ದದ್ದು ಅವಳಿಗೆ ಆಮೇಲೆ ನೆನಪಾಯಿತು. ಎಬ್ಬಿಸಿ ಕೂರಿಸಿ ಮತ್ತೆ ಮೊದಲಿಂದ ಮಾಡಬೇಕಾಯಿತು.

ಅಮರೇಶಪ್ಪನವರಿಂದ ಫೋನಿನಲ್ಲೇ ಪದ್ಯ ಹಾಡಿಸಿಕೊಂಡು, ಅದರ ಅಳತೆಗೆ ಬೆಳಕಿನ ಇಳಿತವನ್ನು ಬೋರ್ಡಿನ ಒಂದು ಬಟನ್ನಿಗೆ ತುಂಬಿಟ್ಟಿದ್ದಳು. ಒತ್ತಿದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ.

ನಾಟಕ ಚೆನ್ನಾಗಿಯೇ ಸಾಗಿತು. ಭೀಷ್ಮ ಬಾಣದ ಹಾಸಿಗೆಯ ಮೇಲೆ ಒರಗಿದರು. ಮುಂದಿನ ಸಾಲಿನಲ್ಲಿ ಎರ್ರಮ್ಮ ಎಲೆಯಡಿಕೆ ಚೀಲ ಬಿಚ್ಚಿ, ಪಕ್ಕದವರಿಗೆ "ನೋಡ್ತಿರು, ಈಗ ಬತ್ತದೆ ತಮಾಷೆ" ಎಂದದ್ದು ಬೋರ್ಡಿನವರೆಗೂ ಕೇಳಿಸಿತು. ಪದ್ಯ ಶುರುವಾಯಿತು. ಮಲ್ಲೇಶ್ವರಿಯ ಬೆರಳು ಬಟನ್ನಿನ ಮೇಲಿತ್ತು.

ಆದರೆ ಅಮರೇಶಪ್ಪ ಫೋನಿನಲ್ಲಿ ಹಾಡಿದ ಹಾಗೆ ಹಾಡಲಿಲ್ಲ. ಜನ ಕಿವಿಗೊಟ್ಟು ಕೂತಿರುವುದನ್ನು ಕಂಡು ಅವರಿಗೆ ಹುರುಪು ಬಂದುಬಿಟ್ಟಿತ್ತು. ಮೊದಲ ಸಾಲು ಮುಗಿಯಬೇಕಾದಲ್ಲಿ ಮುಗಿಸದೆ ಇನ್ನೊಂದು ಆಲಾಪನೆ ಎತ್ತಿದರು, ಅದರಿಂದ ಮತ್ತೊಂದಕ್ಕೆ ಹೊರಳಿದರು. ಹಾರ್ಮೋನಿಯಮ್ಮಿನವನು ಅವರ ಹಿಂದೆ ಬಿದ್ದು ಓಡತೊಡಗಿದ.

"ಒತ್ತು, ಒತ್ತು!" ಎಂದ ಮುರಳಿ ಅವಳ ಕಿವಿಯಲ್ಲಿ.

"ಒತ್ತಿದ್ರೆ ಅವರಿಗಿಂತ ಮುಂಚೆ ಲೈಟು ಹೋಯ್ತದೆ. ಸುಮ್ಕಿರಿ."

ಅವಳು ಬಟನ್ ಬಿಟ್ಟು ಗುಬುಟು ಹಿಡಿದಳು. ಬೋರ್ಡನ್ನು ನೋಡುವುದನ್ನೂ ಬಿಟ್ಟು ಅಮರೇಶಪ್ಪನವರ ಎದೆಯನ್ನೇ ನೋಡಿದಳು. ಉಸಿರು ಇಳಿದಷ್ಟೇ ಇಳಿಸಿದಳು, ಅವರು ತಡೆದಲ್ಲಿ ತಡೆದಳು. ಕೈ ಒಮ್ಮೊಮ್ಮೆ ಮುಗ್ಗರಿಸಿದರೂ ಬೆಳಕು ಅರೆಕ್ಷಣ ತಡೆದು ನಯವಾಗಿಯೇ ಹಿಂಬಾಲಿಸಿತು. ದನಿ ಸಣ್ಣದಾಯಿತು. ಕಿರೀಟ ಮಬ್ಬಾಯಿತು, ಬಾಣಗಳು ಮಬ್ಬಾದವು, ಬಿಳಿಯ ಗಡ್ಡವೊಂದೇ ಉಳಿಯಿತು. ದನಿ ನಿಂತಾಗ ಅದೂ ಇರಲಿಲ್ಲ.

ಹಾಲಿನಲ್ಲಿ ಯಾರೂ ಕೆಮ್ಮಲಿಲ್ಲ. ಆಗ ಹಿಂದಿನಿಂದ ಯಾರೋ ಕೂಗಿದರು: "ಒನ್ಸ್ ಮೋರ್!" ಇನ್ನೊಬ್ಬರು ಅದನ್ನೇ ತೆಲುಗಿನಲ್ಲಿ, "ಇಂಕೋಸಾರಿ!" ಆಮೇಲೆ ಇಡೀ ಹಾಲೇ ಚಪ್ಪಾಳೆ ತಟ್ಟಿ ಕೂಗಿತು.

ಜನ ಕೇಳಿದರೆ ಸತ್ತವರೂ ಎದ್ದು ಹಾಡುವುದು ಈ ಕಡೆಯ ನಾಟಕಗಳಲ್ಲಿ ಇದ್ದದ್ದೇ. ಮಲ್ಲೇಶ್ವರಿ ಬೆಳಕು ಏರಿಸುವಷ್ಟರಲ್ಲಿ ಅಮರೇಶಪ್ಪ ಆಗಲೇ ಮೊಣಕೈ ಊರಿ ಎದ್ದು, ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ನೀನ್ ಮಲಕ್ಕಳಯ್ಯಾ!" ಮುಂದಿನ ಸಾಲಿನಿಂದ ಎರ್ರಮ್ಮನ ದನಿ ಕೇಳಿಬಂತು. "ಅವ್ರು ಕೇಳ್ತಿರೋದು ಲೈಟು!"

ಹಾಲಿಗೆ ಹಾಲೇ ನಕ್ಕಿತು. ಇವತ್ತೂ ನಕ್ಕುಬಿಟ್ಟರಲ್ಲ ಎಂದುಕೊಂಡಳು ಮಲ್ಲೇಶ್ವರಿ. ಅಮರೇಶಪ್ಪ ಹೆಂಡತಿಯನ್ನು ನೋಡಿದರು, ಜನರನ್ನು ನೋಡಿದರು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. ಬಾಣದ ಹಾಸಿಗೆಯಿಂದಲೇ ಬೋರ್ಡಿನ ಕಡೆಗೆ ಕೈಯೆತ್ತಿ, ಭೀಷ್ಮನ ಗಂಟಲಲ್ಲೇ ಹೇಳಿದರು: "ಹಂಗಾದ್ರೆ ತಾಯಿ, ಈ ಸಲ ಇನ್ನೂ ಒಸಿ ನಿಧಾನಕ್ಕೆ ಸಾಯ್ಸು."

ಒರಗಿಕೊಂಡು ಕೊನೆಯ ಸಾಲನ್ನು ಮತ್ತೆ ಎತ್ತಿದರು. ನಗು ಹಾಗೇ ತಗ್ಗುತ್ತ ಬಂದು ನಿಂತುಹೋಯಿತು. ಮಲ್ಲೇಶ್ವರಿ ಬೆಳಕು ಇಳಿಸುತ್ತ ಹೋದಳು. ಆ ಇಳಿಬೆಳಕಿನಲ್ಲಿ ಮುಂದಿನ ಸಾಲಿನ ಎರ್ರಮ್ಮ ಕಂಡರು. ಸುಣ್ಣ ಹಚ್ಚಿದ ಎಲೆಯನ್ನು ಬಾಯಿಯ ಹತ್ತಿರ ಹಿಡಿದವರು, ಹಾಕಿಕೊಳ್ಳುವುದನ್ನು ಮರೆತು ಗಂಡನನ್ನೇ ನೋಡುತ್ತಿದ್ದರು.