ನಲವತ್ತೊಂದನೆಯ ಪುಟದ ಚೀಟಿ

ಕಲ್ಲಯ್ಯ ಮಾಸ್ತರರ ಕರಿಕೋಟಿನ ಬಲಜೇಬಿನಲ್ಲಿ ಸದಾ ಒಂದು ನಶ್ಯದ ಡಬ್ಬಿಯಿರುತ್ತಿತ್ತು. ಅದರಲ್ಲಿ ಇರುತ್ತಿದ್ದುದು ನಶ್ಯವಲ್ಲ, ಮೈದಾ ಹಿಟ್ಟಿನ ಅಂಟು. ಎರಡೇ ದಿನಕ್ಕೆ ಅದು ಹುಳಿತು ನಾರುತ್ತಿದ್ದುದರಿಂದ ಶಿರಸಿಯ ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಅವರ ಪಕ್ಕದ ಕುರ್ಚಿ ಯಾವಾಗಲೂ ಖಾಲಿ. ನಾನೊಬ್ಬ ಮಾತ್ರ ಅಲ್ಲಿ ಕೂರುತ್ತಿದ್ದೆ, ಆ ಅಂಟಿನ ಕಾರಣ ಬಲ್ಲವನಾದ್ದರಿಂದ.

ಬನವಾಸಿ ಕಡೆಯ ಈ ಎತ್ತರದ, ಕೊಂಚ ಮುಂದಕ್ಕೆ ಬಾಗಿ ನಡೆಯುವ ಗಣಿತದ ಮಾಸ್ತರರಿಗೆ ನಾಟಕ ಕಂಪನಿಗಳ ಸಂಗೀತವೆಂದರೆ ಪಂಚಪ್ರಾಣ. ಆದರೆ ಪ್ರೀತಿಯಿದ್ದಲ್ಲಿ ದಾಕ್ಷಿಣ್ಯವಿರಕೂಡದೆಂಬುದು ಅವರ ಸಿದ್ಧಾಂತ. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕುಳಿತು, ಮೊಣಕಾಲಿನ ಮೇಲೆ ಬೆರಳಾಡಿಸುತ್ತ, ಅಪಸ್ವರ ಬಿದ್ದೊಡನೆ ‘ಚ್’ ಎನ್ನುತ್ತಿದ್ದರು. ಆ ‘ಚ್’ಗೆ ಹೆದರಿ ರಾಜಾಪಾರ್ಟು ಮಾಡುವ ನಾಯಕನಟರೂ ಆಲಾಪ ಮೊಟಕುಗೊಳಿಸುತ್ತಾರೆಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಹತ್ತು ವರ್ಷ ಕೇಳಿದ್ದರ ಸಾರವನ್ನೆಲ್ಲ ಹಿಂಡಿ, ರಂಗಗಾಯಕರ ಗುಣದೋಷ ವಿವೇಚಿಸುವ ಪುಸ್ತಕವೊಂದನ್ನು ಬರೆದು, ೧೯೫೮ರಲ್ಲಿ ಇನ್ನೂರು ಪ್ರತಿ ಅಚ್ಚು ಹಾಕಿಸಿದರು. ಅದರ ನಲವತ್ತೊಂದನೆಯ ಪುಟದಲ್ಲಿ ಮುರಿಗೆವ್ವ ಎಂಬ ನಟಿಯ ಕುರಿತು ಒಂದೇ ವಾಕ್ಯ: ‘ತಾರಸ್ಥಾಯಿಗೆ ಏರಲು ಈಕೆಯ ಕಂಠಕ್ಕೆ ಶಕ್ತಿಯೂ ಇಲ್ಲ, ಅಭ್ಯಾಸವೂ ಇಲ್ಲ.’

ಐದು ವರ್ಷದ ಮೇಲೆ ಒಂದು ಸೋಮವಾರ ಸಂಜೆ ನಾವಿಬ್ಬರೂ ಯಲ್ಲಾಪುರದ ಮಠವೊಂದರ ಭಜನೆಗೆ ಹೋಗಿದ್ದೆವು. ಶ್ರುತಿ ಕೊಡಬೇಕಾದ ಹಾರ್ಮೋನಿಯಂ ಪೇಟಿಯ ತಿದಿ ಹರಿದಿತ್ತು. ನಡುವಯಸ್ಸಿನ ಹೆಂಗಸೊಬ್ಬರು, “ಇರ್ಲಿ ಬಿಡ್ರಿ,” ಎಂದು ಬರಿಗಂಟಲಿನಲ್ಲೇ ತಮ್ಮ ಶ್ರುತಿ ಹಿಡಿದು ಹಾಡತೊಡಗಿದರು. ದನಿ ಮೇಲಿನ ಷಡ್ಜವನ್ನು ಮುಟ್ಟಿ, ಅದನ್ನೂ ದಾಟಿ, ಅಲ್ಲಿ ಸುಖವಾಗಿ ನಿಂತಿತು. ಮಾಸ್ತರರ ಬೆರಳು ಮೊಣಕಾಲಿನ ಮೇಲೆ ಹಾಗೇ ನಿಂತುಹೋಯಿತು. ಆಕೆ ಕಂಪನಿ ಬಿಟ್ಟು ಅಕ್ಕನ ಮನೆ ಸೇರಿದ ಮುರಿಗೆವ್ವ ಎಂದು ಪಕ್ಕದವರು ಹೇಳಿದರು.

ಭಜನೆ ಮುಗಿದೊಡನೆ ಮಾಸ್ತರರು ಹೋಗಿ, ತಾವು ಯಾರೆಂದು ತಿಳಿಸಿ, “ಕಂಪನಿಯೊಳಗ ಹಿಂಗ ಯಾಕ ಹಾಡ್ಲಿಲ್ರಿ ತಾಯಿ?” ಎಂದು ಕೇಳಿದರು.

“ಪೇಟಿ ರಾಜಾಪಾರ್ಟಿನವ್ರ ಶ್ರುತಿಗೇ ಇರ್ತಿತ್ರಿ. ಅದು ನನ್ನ ಗಂಟಲಕ್ಕ ಒಗ್ಗತಿರ್ಲಿಲ್ಲ. ನಿನ್ನ ಶ್ರುತಿ ಯಾವುದು ಅಂತ ಯಾರೂ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ.” ಮಾತಿನಲ್ಲಿ ಸಿಟ್ಟಿರಲಿಲ್ಲ. “ನಿಮ್ಮ ಪುಸ್ತಕ ಓದಿ ಮಾಲಕರು ಹಾಡಿಲ್ಲದ ಅತ್ತಿ ಪಾರ್ಟು ಕೊಟ್ರು. ಎರಡು ವರ್ಷ ಮಾಡಿದೆ. ಆಮ್ಯಾಲ ಬಿಟ್ಟೆ.”

ಮಾಸ್ತರರ ಮುಖ ನೋಡಿ ನನಗೆ ಸಂಕಟವಾಯಿತು. ಆಕೆಯನ್ನು ನೋಡಿ ಅದಕ್ಕಿಂತ ಹೆಚ್ಚು.

“ತಪ್ಪು ನಂದು. ಎಲ್ಲಾ ಪುಸ್ತಕದಾಗೂ ಚೀಟಿ ಹಚ್ಚಿ ಆ ಸಾಲು ಮುಚ್ಚತೀನಿ,” ಎಂದರು.

“ಮುಚ್ಚಬ್ಯಾಡ್ರಿ ಮಾಸ್ತರ. ಆ ಸಾಲಿಗೆ ನನ್ನ ಹಾಡು ಹೋತು. ಅದೂ ಕಾಣ್ಲಿ.”

ಅಂದಿನಿಂದ ಆ ಡಬ್ಬಿ. ‘ಈ ಮಾತು ತಪ್ಪು, ಗಾಯಕಿಯ ಶ್ರುತಿಯನ್ನು ವಿಚಾರಿಸದೆ ಬರೆದೆ’ ಎಂದು ಅಚ್ಚು ಮಾಡಿಸಿದ ಚೀಟಿಗಳ ಮೇಲಂಚಿಗೆ ಮಾತ್ರ ಅಂಟು ಸವರುತ್ತಿದ್ದರು, ಎತ್ತಿದರೆ ಕೆಳಗಿನ ವಾಕ್ಯ ಕಾಣುವಂತೆ. ರಜೆ ಬಂತೆಂದರೆ ಬಸ್ಸು ಹತ್ತಿ, ಪುಸ್ತಕ ಕೊಂಡವರ ಮನೆಮನೆಗೆ ಹೋಗಿ ಅಂಟಿಸಿ ಬರುವರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಇನ್ನೇಕೆ ಈ ಅಲೆದಾಟ ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

“ಎಂತ ಮಾಸ್ತರ್ರೇ, ನಾನು ಆ ಪುಟದ ತನಕ ಹೋಗಲೇ ಇಲ್ಲ!” ಎಂದು ಹೆಗ್ಗರಣೆಯ ಭಟ್ಟರೊಬ್ಬರು ನಕ್ಕರಂತೆ.

“ನೀವು ಹೋಗದಿದ್ರೂ ನಿಮ್ಮ ಮೊಮ್ಮಕ್ಕಳು ಹೋಗ್ತಾರ್ರಿ,” ಎಂದು ಇವರು ಡಬ್ಬಿ ತೆಗೆದರು.

ಹದಿನೇಳು ಪ್ರತಿಗಳು ಎಲ್ಲಿವೆಯೆಂದು ಕೊನೆಗೂ ತಿಳಿಯಲಿಲ್ಲ. ಮಾಸ್ತರರು ಎರಡನೆಯ ಪುಸ್ತಕ ಬರೆಯಲಿಲ್ಲ; ಮುರಿಗೆವ್ವ ಮತ್ತೆ ರಂಗ ಹತ್ತಲೂ ಇಲ್ಲ. ಹಾಡುವವರ ತಪ್ಪು ಆ ಸಂಜೆಗೇ ಗಾಳಿಗೆ ಹೋಗುತ್ತದೆ, ವಿಮರ್ಶಕನ ತಪ್ಪು ಅಚ್ಚಾಗಿ ಕಪಾಟು ಸೇರುತ್ತದೆ. ಇದನ್ನು ಬಲ್ಲ ವಿಮರ್ಶಕರು ನಮ್ಮಲ್ಲಿ ವಿರಳ. ಬಲ್ಲವರು ಮಾತ್ರ ತಮ್ಮ ತಪ್ಪಿನ ಬೆನ್ನು ಹಿಡಿದು ಊರೂರು ಅಲೆಯುತ್ತಾರೆ, ಮತ್ತು ಅಂಥವರ ಕೋಟು ಸ್ವಲ್ಪ ನಾರುತ್ತದೆ.