ವಿಲಾಯತಿಗೆ ಹೊರಟ ಸಾಹೇಬ

ಶಿಕ್ಷಣಾಧಿಕಾರಿಯ ಕುರ್ಚಿಯಲ್ಲಿ ಕೂತಿದ್ದ ಶಿವರಾಜಪ್ಪನ ಬಿಳಿ ಗಾಂಧಿ ಟೊಪ್ಪಿಗೆ ಕಂಡದ್ದೇ ತಡ, ಹಮೀದುನ್ನಿಸಾ ಹೊಸ್ತಿಲಲ್ಲೇ ನಿಂತುಬಿಟ್ಟರು. ನಿಜಾಮರ ಕಾಲದಲ್ಲಿ ಅದೇ ತಲೆಯ ಮೇಲೆ ಕೆಂಪು ರೂಮಿ ಟೊಪ್ಪಿಗೆ ಇತ್ತು. ಸಾಯಗಾಂವದ ಈ ಮನುಷ್ಯ ಆಗ ಭಾಲ್ಕಿ ಕಡೆಯ ಶಾಲೆಗಳಿಗೆ ತಪಾಸಣೆಗೆ ಬಂದರೆ, ಕನ್ನಡದಲ್ಲಿ ಉತ್ತರ ಕೊಟ್ಟ ಮಕ್ಕಳ ಕಿವಿ ಹಿಂಡಿ, “ಉರ್ದೂ ಮೆ ಬೋಲೋ” ಎಂದು ಗದರುತ್ತಿದ್ದ. ಪೊಲೀಸ್ ಆಕ್ಷನ್ ಆಗಿ ಎರಡು ವರ್ಷ ತುಂಬುವುದರೊಳಗೆ ಟೊಪ್ಪಿಗೆಯೂ ಬದಲಾಗಿತ್ತು, ಹುದ್ದೆಯೂ ಮೇಲೇರಿತ್ತು.

ಹಮೀದುನ್ನಿಸಾ ಬೀದರದ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಎರಡನೇ ಮಹಾಯುದ್ಧಕ್ಕೆ ಮುಂಚೆ ನಿಜಾಮ ಸರಕಾರ ಅವರನ್ನು ಒಂದು ವರ್ಷ ಇಂಗ್ಲೆಂಡಿಗೆ ಕಳಿಸಿತ್ತು. ತಿರುಗಿ ಬಂದವರೇ ಚಿಕ್ಕ ಹುಡುಗಿಯರಿಗೆ ಅವರವರ ಮನೆಮಾತಿನಲ್ಲಿ ಪಾಠ ಶುರುಮಾಡಿದ್ದರು. ವರ್ಷವಿಡೀ ಉರ್ದು ತಿಳಿಯದೆ ಮೂಕಿಯಂತೆ ಕೂರುತ್ತಿದ್ದ ಒಕ್ಕಲಿಗರ ಮನೆಯ ಗುಂಡಮ್ಮ ಕನ್ನಡದಲ್ಲಿ ಲೆಕ್ಕ ಹೇಳತೊಡಗಿದ್ದಳು. ಆಗ ಮೇಲಿನವರಿಗೆ ದೂರು ಬರೆದು ಅದನ್ನು ನಿಲ್ಲಿಸಿದವನು ಇದೇ ಶಿವರಾಜಪ್ಪ.

ಈಗ ಅವನದೇ ಸಹಿಯ ಹೊಸ ಹುಕುಂ ಬಂದಿತ್ತು. ಬೇಸಿಗೆ ರಜೆ ಮುಗಿದ ಮೇಲೆ ಉರ್ದು ವರ್ಗಗಳೆಲ್ಲ ಕನ್ನಡದಲ್ಲೇ ನಡೆಯಬೇಕು. ಹಮೀದುನ್ನಿಸಾ ಅವರನ್ನು ಬಿಟ್ಟರೆ ಶಾಲೆಯಲ್ಲಿ ಕನ್ನಡ ಬಲ್ಲ ಶಿಕ್ಷಕಿ ಒಬ್ಬಳೇ, ಭಾಲ್ಕಿಯ ಸುಭದ್ರಾಬಾಯಿ.

“ಸಾಹೇಬ್ರ, ಕನ್ನಡ ಬ್ಯಾಡಂತ ನಾ ಅನ್ನಲ್ರಿ,” ಎಂದರು ಹಮೀದುನ್ನಿಸಾ. “ದಿನಾ ಒಂದು ತಾಸು ಕಲಸ್ತೇವ್ರಿ. ಆದ್ರ ಲೆಕ್ಕ, ಭೂಗೋಳ ಎಲ್ಲಾ ಒಮ್ಮಿಗೇ ಬದಲ ಮಾಡಿದ್ರ ಹುಡುಗ್ಯಾರು ಸಾಲಿ ಬಿಡ್ತಾರ್ರಿ. ಮುನ್ನಿಬೀ ಅಂತ ಒಬ್ಬಾಕಿ ಇದ್ದಾಳ್ರಿ. ಪೊಲೀಸ್ ಆಕ್ಷನ್ ಗದ್ದಲದಾಗ ಅಪ್ಪನ್ನ ಕಳಕೊಂಡಾಕಿ. ವರ್ಷ ತನಕ ಬಾಯೇ ಬಿಡ್ಲಿಲ್ರಿ. ಈಗ ಓದ್ಲತ್ತಾಳ.”

“ಹುಕುಂ ಅಂದ್ರ ಹುಕುಂ, ಬಾಯಾರ,” ಎಂದ ಶಿವರಾಜಪ್ಪ. ಆಮೇಲೆ ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದು, ದನಿ ತಗ್ಗಿಸಿದ. “ಅದಿರ್ಲಿ. ಸರಕಾರದವ್ರು ಈ ಸಲ ಇಬ್ಬರಿಗಿ ವಿಲಾಯತಿಗಿ ಕಳಸ್ತಾರಂತ. ನಾನೂ ಅರ್ಜಿ ಹಾಕ್ಲತ್ತೀನಿ. ಈ ಜಿಲ್ಲಾದಾಗ ಹೋಗಿ ಬಂದವ್ರು ನೀವೊಬ್ಬರೇ. ಹಡಗದಾಗ ಭಾಳ ವಾಂತಿ ಆಗ್ತದೇನ್ರಿ? ಸೂಟು ಇಲ್ಲೇ ಹೊಲಸ್ಬೇಕೋ, ಅಲ್ಲೇನೋ? ರೊಟ್ಟಿ ಸಿಗ್ತಾವೇನ್ರಿ?”

ಅಲ್ಲಿಯ ಶಾಲೆಗಳ ಬಗ್ಗೆ ಒಂದು ಮಾತೂ ಅವನ ಬಾಯಲ್ಲಿ ಬರಲಿಲ್ಲ. ಹಮೀದುನ್ನಿಸಾ ಅವರಿಗೆ ಇಂಗ್ಲೆಂಡಿನಲ್ಲಿ ತಾವಿದ್ದ ಗಿರಣಿ ಹೊಗೆಯ ಊರಿನ ವೇಲ್ಸ್ ಮೂಲದ ಮುದುಕಿ ಶಿಕ್ಷಕಿ ನೆನಪಾದಳು. ತನ್ನ ಅಜ್ಜಿ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಮನೆಮಾತು ಆಡಿದ್ದಕ್ಕೆ ಕೊರಳಿಗೆ ಮರದ ತುಂಡು ಕಟ್ಟಿ ನಿಲ್ಲಿಸಿದ್ದರೆಂದು ಆಕೆ ಹೇಳಿದ್ದಳು. ಇದು ನಮ್ಮ ಭಾಲ್ಕಿಯ ಕಥೆಯೇ ಎಂದುಕೊಂಡಿದ್ದರು ಆಗ. ಈಗ ನೋಡಿದರೆ ಕೊರಳು ಬೇರೆ, ಕಟ್ಟುವ ಕೈ ಮಾತ್ರ ಅದೇ.

“ಅರ್ಜಿದಾಗ ಏನ್ ಬರ್ದಿದ್ರಿ ನೀವು?” ಎಂದು ಕೇಳಿದ ಶಿವರಾಜಪ್ಪ.

ಚುಚ್ಚಲೆಂದೇ ಹೇಳಿದರು: “ಕೂಸು ಅವ್ವನ ಜೋಡಿ ಆಡೋ ಮಾತಿನಾಗೇ ಮೊದಲ ಅಕ್ಷರ ಕಲಿಬೇಕು, ಅದು ಹ್ಯಾಂಗ ಕಲಸ್ತಾರ ನೋಡಿ ಬರ್ತೇನಿ ಅಂತ ಬರ್ದಿದ್ದೆ.”

“ವಾಹ್! ಭಾಳ ಚಂದ ಅದ.” ಶಿವರಾಜಪ್ಪ ಲೇಖನಿ ತೆಗೆದು, ಆ ಹುಕುಮಿನ ಪ್ರತಿಯ ಮೇಲೆಯೇ ಮೊಳಕೈ ಊರಿಕೊಂಡು ಗೀಚಿಕೊಂಡ. ಅವನ ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ.

“ಸಾಹೇಬ್ರ, ಮುನ್ನಿಬೀಗೂ ಅವ್ವ ಇದ್ದಾಳ್ರಿ.”

ಅವನು ತಲೆಯೆತ್ತಿದ. ಮುಖ ಕೆಂಪಾಯಿತು. “ನೀವು ನಿಮ್ಮವರ ಪರ ಮಾತಾಡ್ತೀರಿ.”

“ಗುಂಡಮ್ಮನ ಸಲುವಾಗಿ ಮಾತಾಡ್ದಾಗ ನನ್ನ ಮ್ಯಾಲ ದೂರು ಬರ್ದವ್ರು ನೀವೇ ಅಲ್ಲೇನ್ರಿ? ಆಕಿ ಯಾರಾಕಿ?”

ಹಮೀದುನ್ನಿಸಾ ಬಂದ ಚಹಾ ಮುಟ್ಟದೆ ಎದ್ದು ಬಂದರು.

ಶಾಲೆ ತೆರೆದಾಗ ಉರ್ದು ವರ್ಗಗಳನ್ನು ಮೊದಲಿನಂತೆಯೇ ನಡೆಸಿದರು. ಒಂದು ತಿಂಗಳು ಹಾಗೆ ನಡೆಯಿತು. ಆಮೇಲೆ ಅವರನ್ನು ಔರಾದಿಗೆ ವರ್ಗ ಮಾಡಿದರು.

ಚಳಿಗಾಲದಲ್ಲಿ ಸುಭದ್ರಾಬಾಯಿ ಸಂತಪುರದ ನೆಂಟರ ಮನೆಗೆ ಬಂದವಳು ಔರಾದಿಗೂ ಬಂದಳು. ಕೈಯಲ್ಲಿ ಪೇಡೆಯ ಪೊಟ್ಟಣ.

“ತಗೋರಿ ಬಾಯಾರ. ನಿನ್ನಿ ಬೀದರದಾಗ ಹಂಚಿದ್ರು.”

ಹಮೀದುನ್ನಿಸಾ ಒಂದನ್ನು ಬಾಯಿಗಿಟ್ಟುಕೊಂಡೇ ಕೇಳಿದರು, “ಮುನ್ನಿಬೀ ಹ್ಯಾಂಗ ಓದ್ಲತ್ತಾಳ?”

ಸುಭದ್ರಾಬಾಯಿ ಸೆರಗು ಸರಿಮಾಡಿಕೊಂಡಳು. “ದೀಪಾವಳಿ ಮುಂದೇ ಬಿಟ್ಟಾಳ್ರಿ. ಆಕಿ ಒಬ್ಬಾಕೇ ಅಲ್ಲ, ಅರ್ಧಕ್ಕರ್ಧ ಹುಡುಗ್ಯಾರು ಬರಲ್ರಿ. ನಾ ಒಬ್ಬಾಕಿ ಎಷ್ಟು ವರ್ಗ ಹಿಡೀಲ್ರಿ? ಬೋರ್ಡಿನ ಮ್ಯಾಲ ಬರದ್ರ ಮುಖಾ ಮುಖಾ ನೋಡ್ತಾವ.”

“ಪೇಡೆ ಯಾತರದು?”

“ಸಾಹೇಬ್ರು ವಿಲಾಯತಿಗಿ ಹೋದ್ರಲ್ರಿ. ಹಾರ ಹಾಕಿ ಕಳಸಿಕೊಟ್ರು. ಮಕ್ಕಳಿಗಿ ತಾಯಿಮಾತಿನಾಗ ಕಲಸೋದು ನೋಡಿ ಬರ್ತಾರಂತ.”

ಹಮೀದುನ್ನಿಸಾ ಎದ್ದು ಅಂಗಳದ ಮೋರಿಯ ಹತ್ತಿರ ಹೋದರು. ಬಾಯಲ್ಲಿದ್ದುದನ್ನು ಥೂ ಎಂದು ಉಗುಳಿ, ಕೊಡದಿಂದ ನೀರು ಮೊಗೆದು ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದರು. ತುಪ್ಪದ ಜಿಡ್ಡು ನಾಲಗೆ ಬಿಡಲೇ ಇಲ್ಲ.