ಕೆಳಗಿನ ಗುಂಡಿ

ಆ ಮನೆಯಲ್ಲಿ ಮಾವನ ಕಿವಿ ತಪ್ಪಿಸಿ ಒಂದು ಮಾತೂ ಆಡುವಂತಿರಲಿಲ್ಲ. ಆಯುಸ್ಸೆಲ್ಲ ತಗಡು ಬಡಿಯುವ ಕಾರ್ಖಾನೆಗೆ ಸವೆಸಿ, ಕೊನೆಗೆ ಕಿವಿಯನ್ನೂ ಅಲ್ಲೇ ಬಿಟ್ಟು ಬಂದಿದ್ದ ಮನುಷ್ಯ. ಆದರೂ ಮುಂಬಾಗಿಲಲ್ಲಿ ಕೂತುಕೊಂಡೇ ಅಡುಗೆಮನೆಯ ಪಿಸುಮಾತಿಗೆ ಉತ್ತರ ಕೊಡುತ್ತಿದ್ದರು.

"ಸಾರಿಗೆ ಉಪ್ಪಿಲ್ಲ ಅಂತ ನಾನೆಲ್ಲಮ್ಮಾ ಅಂದೆ? ಬಾಯಿಗೆ ರುಚಿ ಇಲ್ಲ ಅಂದೆ."

ಸೊಸೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಆದರೆ ಆ ಕಿವಿಯನ್ನು ಮನೆಗೆ ತಂದವಳೂ ಅವಳೇ. ಅವಳು ಕೆಲಸ ಮಾಡುವ ಕಂಪನಿಯಲ್ಲಿ ಮೊದಮೊದಲು ತಯಾರಾದ ಕಿವಿ ಮಿಷನ್‌ಗಳನ್ನು ಪರೀಕ್ಷೆಗೆಂದು ನೌಕರರ ಮನೆಯವರಿಗೇ ಹಂಚಿದ್ದರು. ಬೇರೆ ಮಿಷನ್‌ಗಳನ್ನು ದಿನಾ ಚಾರ್ಜಿಗೆ ಹಾಕಬೇಕು. ಇದಕ್ಕೆ ಕೈಗಡಿಯಾರದ ಒಂದು ಸೆಲ್ ವರ್ಷವಿಡೀ ಸಾಕು. ಮಾಮೂಲಿ ಚಿಪ್‌ನಲ್ಲಿ ನೆನಪಿಡುವ ಕೋಣೆ ಒಂದು ಕಡೆ, ಲೆಕ್ಕ ಮಾಡುವ ಕೋಣೆ ಇನ್ನೊಂದು ಕಡೆ. ಚಿಟಿಕೆ ಉಪ್ಪಿಗೂ ಒಲೆ ಬಿಟ್ಟು ಉಗ್ರಾಣಕ್ಕೆ ಓಡುವ ಅಡುಗೆಯವಳ ಹಾಗೆ, ಅದರ ಕರೆಂಟೆಲ್ಲ ಓಡಾಟಕ್ಕೇ ಮುಗಿದುಹೋಗುತ್ತದೆ. ಈ ಹೊಸ ಚಿಪ್‌ನಲ್ಲಿ ಆ ಓಡಾಟವೇ ಇಲ್ಲ. ಹುಲ್ಲಿನ ಮೇಲೆ ಜನ ನಡೆದು ನಡೆದು ಕಾಲುದಾರಿ ಬೀಳುವಂತೆ, ಕರೆಂಟು ಹರಿದಲ್ಲೇ ದಾರಿ ಬೀಳುತ್ತದೆ. ಆ ದಾರಿಯೇ ನೆನಪು, ಆ ದಾರಿಯೇ ಲೆಕ್ಕ.

ದಾರಿ ಬೀಳಿಸುವ ಕೆಲಸ ಮಾತ್ರ ಹಾಕಿಕೊಂಡವರದು. ಕಿವಿಯ ಹಿಂದೆ ಎರಡು ಪುಟ್ಟ ಗುಂಡಿ. ಮಾತು ಸರಿಯಾಗಿ ಕೇಳಿದರೆ ಮೇಲಿನದು ಒತ್ತಬೇಕು, ದಾರಿ ಗಟ್ಟಿಯಾಗುತ್ತದೆ. ತಪ್ಪು ಕೇಳಿದರೆ ಕೆಳಗಿನದು, ಬಿದ್ದ ದಾರಿ ಅಳಿಯುತ್ತದೆ. ಮಾವ ವರ್ಷಗಟ್ಟಲೆ ಒತ್ತಿದ್ದರು. ಅತ್ತೆ ಬದುಕಿದ್ದಾಗ ನಲ್ಲಿ ಬಿಟ್ಟುಕೊಂಡು, ಪಾತ್ರೆ ಸದ್ದು ಮಾಡುತ್ತ, ಬೆನ್ನು ಹಾಕಿ ನಿಂತು ಬೇಕೆಂದೇ ಬೈಯುತ್ತಿದ್ದರು. "ಏನಂದೆ ಹೇಳಿ ನೋಡೋಣ?" "ಮುದಿ ಕೋಣ ಅಂದೆ." "ಸರಿ, ಒತ್ತಿ ಮೇಲಿನದು." ಅತ್ತೆ ಹೋದಮೇಲೂ ಮಾವ ಬಿಡಲಿಲ್ಲ. ಬೀದಿಯಲ್ಲಿ ಕೆಮ್ಮಿದವರು ಯಾರೆಂದು ಒಳಗಿನಿಂದಲೇ ಹೇಳುವಷ್ಟು ಪಳಗಿತ್ತು ಮಿಷನ್.

ಇದನ್ನು ಸೊಸೆ ಕಂಪನಿಯಲ್ಲಿ ಜಂಬ ಕೊಚ್ಚಿಕೊಂಡದ್ದೇ ಮಾವನಿಗೆ ಮುಳುವಾಯಿತು.

ಕಂಪನಿಗೆ ಒಂದು ಕಂಟಕವಿತ್ತು. ಒಂದು ಚಿಪ್ ಕಲಿತದ್ದನ್ನು ಇನ್ನೊಂದಕ್ಕೆ ನಕಲು ಮಾಡಲಾಗುತ್ತಿರಲಿಲ್ಲ. ಪ್ರತಿಯೊಂದರ ಒಳಗಿನ ಕಣಗಳೂ ತಮ್ಮದೇ ರೀತಿಯಲ್ಲಿ ಸೊಟ್ಟಸೊಟ್ಟಗೆ ಕೂತಿರುತ್ತವೆ. ಕಲಿತದ್ದೂ ಆ ಸೊಟ್ಟಕ್ಕೇ ಅಂಟಿಕೊಂಡಿರುತ್ತದೆ. ಏನೂ ಬಾರದ ಮಿಷನ್ ಕೊಂಡು ವರ್ಷಗಟ್ಟಲೆ ಪಾಠ ಹೇಳುವ ಗಿರಾಕಿ ಎಲ್ಲಿ ಸಿಗಬೇಕು? ಚೆನ್ನಾಗಿ ಕಲಿತ ಚಿಪ್ ಒಂದನ್ನು ಪದರಪದರವಾಗಿ ಅರೆದು, ದಾರಿಗಳು ಹೇಗೆ ಬಿದ್ದಿವೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಸದಕ್ಕೆ ಅಚ್ಚು ಹಾಕಬಹುದು ಅನ್ನುವುದು ಅವಳ ಮೇಲಧಿಕಾರಿಯ ಆಸೆ. ಎಲ್ಲದರಲ್ಲೂ ಚುಚ್ಚಿ ತೆಗೆಯುವ ಅವನಿಗೆ ಎಲ್ಲರೂ ಹಿಂದಿನಿಂದ ಗುಂಡುಸೂಜಿ ಅನ್ನುತ್ತಿದ್ದರು.

"ತರಬೇತಿ ವಿಭಾಗಕ್ಕೆ ಮುಖ್ಯಸ್ಥರು ಬೇಕಾಗಿದ್ದಾರೆ," ಅಂದ ಗುಂಡುಸೂಜಿ. "ನಿಮ್ಮ ಮಾವನ ಚಿಪ್ ಸಿಕ್ಕಿದ್ರೆ ನಿಮ್ಮ ಹೆಸರು ಹೇಳೋಕೆ ನನಗೂ ಒಂದು ಕಾರಣ ಸಿಗುತ್ತೆ."

"ಕೇಳಿದ್ರೆ ಕೊಡ್ತಾರಾ ಸರ್? ಅವರಿಗೆ ಅದು ಕಿವಿ."

"ಕೇಳಿ ಅಂತ ನಾನೇನಾದ್ರೂ ಅಂದೆನಾ?"

ಅವಳಿಗೆ ಅಷ್ಟೇ ಸಾಕಾಯಿತು. "ಮಾವ, ಒಳಗೆ ಧೂಳು ಕೂತಿದೆ, ಶುಚಿ ಮಾಡಿಸ್ಕೊಂಡು ಬರ್ತೀನಿ" ಅಂದಳು. ಮಾವ ಕೂಡಲೇ ಬಿಚ್ಚಿಕೊಟ್ಟು, "ಬೇಗ ತಾ ಮಗಳೇ, ಇದಿಲ್ದಿದ್ರೆ ನಾನು ಕಂಬ" ಎಂದು ನಕ್ಕರು.

ಹಳೆಯ ಕವಚದಿಂದ ಚಿಪ್ ಕಿತ್ತು ಅರೆಯಲು ಕೊಟ್ಟಳು. ಅದೇ ಕವಚಕ್ಕೆ, ಗೀರೂ ಕಲೆಯೂ ಇದ್ದ ಹಾಗೇ ಇರಲಿ ಅಂತ, ಹೊಸದೊಂದನ್ನು ಕೂರಿಸಿದಳು. ಹಾಗೇ ಕೊಟ್ಟರೆ ಬರೀ ಗೊರಗೊರ. ಮುದುಕ ಆ ಕ್ಷಣವೇ ಕಂಡುಹಿಡಿಯುತ್ತಾರೆ. ಅದಕ್ಕೇ ತನ್ನ ಮೇಜಿನ ಮುಂದೆ ಮಿಷನ್ ಇಟ್ಟುಕೊಂಡು ಸಂಜೆಯವರೆಗೂ ಅದರ ಜೊತೆ ಮಾತಾಡಿದಳು. "ಮಾವ, ಕೇಳಿಸ್ತಾ? ಮಾವ, ಊಟಕ್ಕೆ ಬನ್ನಿ." ಪ್ರತಿ ಮಾತಿಗೂ ಮೇಲಿನ ಗುಂಡಿ. ತುಸುವಾದರೂ ದಾರಿ ಬಿದ್ದರೆ ಸಾಕು, ಮುಂದಿನದನ್ನು ಮುಪ್ಪಿನ ತಲೆಗೆ ಕಟ್ಟಬಹುದು ಅನ್ನುವುದು ಅವಳ ಲೆಕ್ಕ.

ಮನೆಗೆ ಬಂದು ಅವಳು "ಮಾವ, ಕೇಳಿಸ್ತಾ?" ಅಂದಾಗ, ಮಿಷನ್ ಹಾಕಿಕೊಂಡ ಮಾವ "ಹಾಂ, ಕೇಳಿಸ್ತು" ಎಂದರು. ಆಮೇಲೆ ಮಗನ ಕಡೆ ತಿರುಗಿದರು. ಮಗ ಬಸ್ಸಿನ ಕಂಡಕ್ಟರು, ಸಂಜೆ ಬಂದವನೇ ದಾರಿಯಲ್ಲಿ ಆದ ಜಗಳವನ್ನೆಲ್ಲ ಅಪ್ಪನ ಮುಂದೆ ಒದರಿದರೇ ಅವನಿಗೆ ಸಮಾಧಾನ.

"ಏನಂದೆ?"

"ಒಬ್ಬ ಟಿಕೆಟ್ ತಗೊಳ್ಳದೆ ನನಗೇ ದಬಾಯಿಸ್ದ ಅಪ್ಪಾ!"

"ಏನು ಸೋರ್ತಾ ಇದೆ?"

ಮಗ ಹೊಟ್ಟೆ ಹಿಡಿದು ನಕ್ಕ. ವಾರದ ಹೊತ್ತಿಗೆ ಆ ನಗು ಇಂಗಿಹೋಯಿತು. ಅವನು ಎಷ್ಟು ಕೂಗಿದರೂ, ಅಪ್ಪ ಎಷ್ಟು ಸಲ ಕೆಳಗಿನ ಗುಂಡಿ ಒತ್ತಿದರೂ, ಆ ದನಿ ಕಲ್ಲು ಉರುಳಿದ ಹಾಗೇ ಕೇಳುತ್ತಿತ್ತು.

"ಮಿಷನ್ ಸರಿಯಾಗೇ ಇದೆ ರೀ," ಅಂದಳು ಸೊಸೆ. "ವಯಸ್ಸಾಯ್ತಲ್ಲ, ತಲೆಗೆ ಹತ್ತೋದಿಲ್ಲ."

ಮಾವ ಅದನ್ನೂ ನಂಬಿದರು. "ನನ್ನ ತಲೆ ಕೆಟ್ಟಿದೆಯಪ್ಪಾ, ಬೇಜಾರು ಮಾಡ್ಕೋಬೇಡ" ಎಂದು ಮಗನಿಗೇ ಸಮಾಧಾನ ಹೇಳಿದರು. ನೆರೆಯವರು ಬಂದರೆ ಎದ್ದು ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡರು.

ಅತ್ತ ಕಂಪನಿಯಲ್ಲಿ ಅರೆದ ಚಿಪ್‌ನೊಳಗೆ ಯಾರಿಗೂ ಏನೂ ಓದಲಾಗಲಿಲ್ಲ. ಸಿಕ್ಕುಗಟ್ಟಿದ ಕೂದಲಿನ ಹಾಗೆ ದಾರಿಗಳು, ಯಾವುದು ಯಾವ ಮಾತಿನದೋ. ಗುಂಡುಸೂಜಿ ಪುಡಿಯನ್ನು ಕಸದ ಬುಟ್ಟಿಗೆ ಕೊಡವಿ, "ಇಂಥದ್ದೇ ಇನ್ನೊಂದಿದ್ರೆ ಹೋಲಿಸಿ ನೋಡಬಹುದಿತ್ತು" ಅಂದ. ಆದರೂ ಮಾತಿಗೆ ತಪ್ಪಲಿಲ್ಲ. ಅವಳು ಮುಖ್ಯಸ್ಥೆಯಾದಳು. ಗಂಡ ಬಸ್ಸಿನಲ್ಲೆಲ್ಲ ಹೇಳಿಕೊಂಡು ತಿರುಗಿದ.

ಇಷ್ಟಕ್ಕೇ ಮುಗಿದಿದ್ದರೆ ಅವಳು ಗೆದ್ದಂತೆಯೇ. ಆದರೆ ಮಾವನಿಗೆ ಅವಳ ದನಿಯೊಂದು ಮಾತ್ರ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. ದಿನ ಕಳೆದಂತೆ ಅವರು ಅವಳ ಸೆರಗಿಗೇ ಗಂಟು ಬಿದ್ದರು. ಅವಳು ಒಲೆಯ ಮುಂದೆ ನಿಂತರೆ ಅಲ್ಲಿ, ಬಟ್ಟೆ ಹಿಂಡಿದರೆ ಅಲ್ಲಿ. "ಅವನೇನಂದ ಮಗಳೇ? ನೀನು ಹೇಳು." ಮಗನ ಮಾತನ್ನೆಲ್ಲ ಅವಳೇ ದಾಟಿಸಬೇಕು. ಬೇಸತ್ತು ಅವಳು ಮಾವ ಇದ್ದಲ್ಲಿ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದಳು.

ಒಂದು ದಿನ ಅವಳು ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂತಾಗ ಗಂಡ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ.

"ಅಲ್ಲ ಕಣೇ, ನಾನು ಹುಟ್ಟಿದಾಗಿಂದ ನನ್ನ ದನಿ ಕೇಳಿದ ಕಿವಿ ಅದು. ನನ್ನದು ಕೇಳಲ್ಲ, ನಿನ್ನದು ಕೇಳುತ್ತೆ. ತಲೆ ಕೆಟ್ಟಿದ್ರೆ ಎಲ್ಲರದಕ್ಕೂ ಕೆಡಬೇಕಲ್ವಾ?"

"ನನಗೇನು ಗೊತ್ತು? ಹೆಂಗಸರ ದನಿ ಸಣ್ಣ, ಕೇಳುತ್ತೇನೋ."

"ಎದುರುಮನೆ ಅಜ್ಜಿದೂ ಹೆಂಗಸಿನ ದನೀನೇ." ಅವನು ತುತ್ತನ್ನು ತಟ್ಟೆಗೆ ಹಾಕಿದ. "ಶುಚಿ ಮಾಡಿದವನು ಏನೋ ಎಡವಟ್ಟು ಮಾಡಿದಾನೆ. ನಾಳೆ ರಜೆ ಹಾಕ್ತೀನಿ. ಅಪ್ಪನ್ನ ನಿಮ್ಮ ಕಂಪನಿಗೇ ಕರ್ಕೊಂಡು ಬರ್ತೀನಿ, ನಿಮ್ಮವರೇ ಪರೀಕ್ಷೆ ಮಾಡ್ಲಿ."

ಪರೀಕ್ಷೆ ಹೇಗಿರುತ್ತದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹತ್ತಾರು ದನಿಗಳನ್ನು ಕೇಳಿಸುತ್ತಾರೆ. ಏನೂ ಕಲಿಯದ ಮಿಷನ್‌ಗೆ ಇವಳೊಬ್ಬಳ ದನಿ ಬಾಯಿಪಾಠ ಅಂತ ತಿಳಿದರೆ, ಕಲಿಸಿದ ಕೈ ಯಾವುದು ಅಂತ ಕೇಳಲು ಗಂಡನಿಗೆ ದೊಡ್ಡ ಬುದ್ಧಿಯೇನೂ ಬೇಡ. ಯಾವ ದನಿಯೂ ಕೇಳದಿದ್ದರೆ ಮಾತ್ರ ಅದು ಬರೀ ಮುಪ್ಪು, ಬರೀ ಕೆಟ್ಟ ಮಿಷನ್.

ಗಂಡ ಕೈ ತೊಳೆದು ಮಧ್ಯಾಹ್ನದ ಪಾಳಿಗೆ ಹೋದ. ಅವಳು ಕಂಪನಿಗೆ ಉಳಿದ ಅರ್ಧ ದಿನ ಬರುವುದಿಲ್ಲವೆಂದು ಫೋನು ಮಾಡಿ, ಪೇಪರ್ ಹಿಡಿದು ಮಾವನ ಎದುರು ಕುರ್ಚಿ ಎಳೆದುಕೊಂಡಳು.

"ಮಾವ, ಇವತ್ತು ನಿಮಗೆ ನಾನೇ ಅಭ್ಯಾಸ ಮಾಡಿಸ್ತೀನಿ. ನಾನು ಓದ್ತಾ ಹೋಗ್ತೀನಿ. ಪ್ರತಿ ಸಾಲಿಗೂ ನೀವು ಕೆಳಗಿನ ಗುಂಡಿ ಒತ್ತಬೇಕು."

"ಕೆಳಗಿನದಾ? ಅದು ತಪ್ಪಿಗಲ್ವೇನಮ್ಮಾ? ನಿನ್ನ ಮಾತು ಸ್ಪಷ್ಟವಾಗಿದೆಯಲ್ಲ."

"ನಿಮಗೆ ಸ್ಪಷ್ಟ ಅನ್ಸುತ್ತೆ. ಒಳಗೆ ತಪ್ಪುತಪ್ಪಾಗಿ ಕಲೀತಾ ಇದೆ. ಅದನ್ನ ಅಳಿಸಿದ್ರೆ ನಿಮ್ಮ ಮಗನ ದನಿಗೆ ಜಾಗ ಆಗುತ್ತೆ."

ಮಗನ ದನಿ ಅಂದದ್ದೇ ತಡ, ಮಾವ ನೆಟ್ಟಗೆ ಕೂತರು. ಕನ್ನಡಕ ಸರಿಮಾಡಿಕೊಂಡು ಕಿವಿಯ ಹಿಂದೆ ಹೆಬ್ಬೆರಳು ಇಟ್ಟರು. "ಇಷ್ಟು ಹೊತ್ತು ನನ್ನ ಜೊತೆ ಕೂರೋರು ಯಾರಿದ್ದಾರೆ ಹೇಳು? ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ."

ಅವಳು ಓದಿದಳು. ಎಲ್ಲೋ ಸೇತುವೆ ಕುಸಿದದ್ದು, ಯಾರೋ ಮಂತ್ರಿ ನಕ್ಕದ್ದು, ಈರುಳ್ಳಿಯ ಧಾರಣೆ. ಸಾಲು ಮುಗಿದಾಗಲೆಲ್ಲ ಬೆರಳೆತ್ತಿ ತೋರಿಸುತ್ತಿದ್ದಳು, ಮಾವ ಒತ್ತುತ್ತಿದ್ದರು. ಮೊದಮೊದಲು ಸುದ್ದಿಗೆ ಸರಿಯಾಗಿ "ಅಯ್ಯೋ ಪಾಪ", "ಕಳ್ಳ ನನ್ನ ಮಗ" ಅಂತ ಹೇಳುತ್ತಲೇ ಒತ್ತಿದರು. ಎರಡನೆಯ ಪುಟಕ್ಕೆ ಕತ್ತು ಮುಂದೆ ಚಾಚಿದರು. "ಏನು, ಸೇತುವೆಗೆ ಈರುಳ್ಳಿಯಾ?" ಎಂದು ಕೇಳಿ ತಾವೇ ನಕ್ಕರು. ಅವಳು ನಗಲಿಲ್ಲ. ಬೆರಳೆತ್ತಿದಳು. ಅವರು ಒತ್ತಿದರು. ಆಮೇಲೆ ಪ್ರಶ್ನೆಗಳೂ ನಿಂತವು. ಅವಳ ತುಟಿಯನ್ನೇ ನೋಡುತ್ತಿದ್ದಾರೆಂದು ಗೊತ್ತಾದಾಗ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, ಬೆರಳೊಂದನ್ನೇ ಮೇಲಿನಿಂದ ಕಾಣುವಂತೆ ಎತ್ತುತ್ತ ಹೋದಳು.

ಸ್ವಲ್ಪ ಹೊತ್ತಿನ ಮೇಲೆ ಪೇಪರಿನ ಆಚೆಯಿಂದ ಮಾವನ ದನಿ ಬಂತು. ಬೇಡುವವರ ದನಿ.

"ಯಾಕಮ್ಮಾ ನಿಲ್ಲಿಸ್ಬಿಟ್ಟೆ? ಓದು ಮಗಳೇ."

ಅವಳು ನಿಲ್ಲಿಸಿರಲಿಲ್ಲ. ದನಿ ತಗ್ಗಿಸಿರಲೂ ಇಲ್ಲ. ಖಾತ್ರಿಗಿರಲಿ ಅಂತ ಇನ್ನೂ ಒಂದು ಪುಟ ಓದಿದಳು.